ಒಂದು ಬಾಗಿಲು, ಎರಡು ಒಕ್ಕಲು: ಇಂಗ್ಲೆಂಡಿನ ಎಸ್ಟೇಟ್ ಕಾಟೇಜುಗಳ ಬಗ್ಗೆ ಒಂದು ಟಿಪ್ಪಣಿ

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಮಿಲ್ಟನ್ ಅಬ್ಬಾಸ್ ಎಂಬ ಹಳ್ಳಿಯಿದೆ. ಮರ ತುಂಬಿದ ಇಳಿಜಾರಿನ ಕಣಿವೆಯಲ್ಲಿ ಒಂದೇ ಒಂದು ಬೀದಿ. ಅದರ ಎರಡೂ ಬದಿಗೆ ಅಚ್ಚಿನಲ್ಲಿ ತೆಗೆದಂತೆ ಒಂದೇ ಥರದ ಮನೆಗಳು: ಮಣ್ಣಿನ ಗೋಡೆ, ಅದಕ್ಕೆ ಸುಣ್ಣದ ಬಳಿತ, ಮೇಲೆ ದಪ್ಪ ಹುಲ್ಲಿನ ಹೊದಿಕೆ, ಮುಂದೆ ಹುಲ್ಲುಹಾಸು. ಎಣಿಸಿದರೆ 36 ಮನೆ. ಆದರೆ ಈ ಲೆಕ್ಕ ಕಣ್ಣಿಗೆ ಸಿಕ್ಕ ಲೆಕ್ಕ. ಕಟ್ಟಿದ ಕಾಲಕ್ಕೆ ಪ್ರತಿ ಮನೆಯಲ್ಲೂ ಎರಡು ಸಂಸಾರ. ಬೀದಿಗೆ ಕಾಣುವುದು ನಟ್ಟನಡುವೆ ಒಂದೇ ಬಾಗಿಲು. ಅದನ್ನು ದಾಟಿದರೆ ನಾಲ್ಕು ಹೆಜ್ಜೆಯ ಪುಟ್ಟ ಹಜಾರ. ಅಲ್ಲಿಂದ ಎಡಕ್ಕೆ ಒಬ್ಬರ ಮನೆ, ಬಲಕ್ಕೆ ಇನ್ನೊಬ್ಬರದು. ಹೊರಗಿನಿಂದ ನೋಡಿದವರಿಗೆ ಅದು ಅನುಕೂಲಸ್ಥ ರೈತನೊಬ್ಬನ ಹದವಾದ ಮನೆಯಂತೆ ಕಾಣಬೇಕು. ಒಳಗಿದ್ದವರು ಮಾತ್ರ ಪಕ್ಕದ ಮನೆಯವರ ಬೂಟಿನ ಕೆಸರನ್ನು ದಾಟಿಕೊಂಡೇ ತಮ್ಮ ಒಲೆಯ ಬಳಿ ಹೋಗಬೇಕು.

ಈ ಟಿಪ್ಪಣಿಯ ಮಾತೆಲ್ಲ ಆ ಬಾಗಿಲಿನ ಸುತ್ತಲೇ ಇದೆ. ಎಸ್ಟೇಟ್ ಕಾಟೇಜುಗಳ ಬಗ್ಗೆ ಬರೆದವರು ಹೆಚ್ಚಾಗಿ ಸೂರು, ಚಿಮಣಿ, ಕಿಟಕಿಯ ಜಾಲರಿ ಇವುಗಳನ್ನು ಹಿಡಿದು ಶೈಲಿ ಗುರುತಿಸುತ್ತಾರೆ. ಅದು ತಪ್ಪಲ್ಲ. ಆದರೆ ಕಾಟೇಜನ್ನು ಕಟ್ಟಿಸಿದವನೊಬ್ಬ, ಬಾಳಿದವನೊಬ್ಬ. ಇವರಿಬ್ಬರಲ್ಲಿ ಯಾರ ಅನುಕೂಲಕ್ಕೆ ಮನೆ ಮುಖಮಾಡಿತು ಎಂದು ತಿಳಿಯಬೇಕಾದರೆ ಸೂರಿಗಿಂತ ಬಾಗಿಲು ಹೆಚ್ಚು ಹೇಳುತ್ತದೆ ಎಂಬುದು ನನ್ನ ಎಣಿಕೆ.

ಒಂದು ಶಬ್ದದ ತೊಡಕನ್ನು ಮೊದಲೇ ಬಿಡಿಸಿಕೊಳ್ಳಬೇಕು. ಎಸ್ಟೇಟ್ ಎಂದ ಕೂಡಲೇ ನಮ್ಮ ಕಿವಿಗೆ ಕೇಳುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಅಲ್ಲಿನ ಕೆಲಸದಾಳುಗಳ ಸಾಲು ಮನೆಗೆ ಲೈನ್ ಮನೆ ಎಂಬ ಹೆಸರೂ ಇದೆ. ಇಂಗ್ಲೆಂಡಿನ ಎಸ್ಟೇಟ್ ಬೇರೆ ಬಗೆಯದು. ಒಬ್ಬ ಜಮೀನ್ದಾರನ ಸಾವಿರಾರು ಎಕರೆ, ಅದರ ನಡುವೆ ಅವನ ದೊಡ್ಡಮನೆ, ಅದರ ಸುತ್ತ ಜಿಂಕೆ ಕುರಿ ಮೇಯುವ ಉದ್ಯಾನ, ಆಚೆಗೆ ಗೇಣಿಗೆ ಕೊಟ್ಟ ಜಮೀನು, ಅಂಚಿನಲ್ಲಿ ಹಳ್ಳಿ. ಗೇಣಿ ರೈತನಿಗೆ ಅವನದೇ ಹೊಲಮನೆ ಇರುತ್ತಿತ್ತು. ಕಾಟೇಜು ಅವನಿಗಿಂತ ಕೆಳಗಿನವರದು: ಕೂಲಿಯಾಳು, ಬಡಗಿ, ತೋಟಗಾರ, ಬೇಟೆಕಾಡಿನ ಕಾವಲುಗಾರ, ಮುದಿಯಾದ ಮನೆಯಾಳು.

ಮಿಲ್ಟನ್ ಅಬ್ಬಾಸಿನ ಬೀದಿ ಅಲ್ಲಿ ಯಾಕೆ ಇದೆ ಎಂದು ಕೇಳಿದರೆ ಆ ಒಂಟಿ ಬಾಗಿಲಿನ ಅರ್ಥ ಇನ್ನಷ್ಟು ತಿಳಿಯಾಗುತ್ತದೆ. ಹಳೆಯ ಊರು ಇದ್ದದ್ದು ಮಧ್ಯಯುಗದ ಮಠದ ಚರ್ಚಿಗೆ ಆತುಕೊಂಡು. ಸಂತೆ, ಶಾಲೆ, ಛತ್ರ ಎಲ್ಲ ಇದ್ದ ಪೇಟೆ ಅದು. 1752ರಲ್ಲಿ ಆ ಆಸ್ತಿಯನ್ನು ಕೊಂಡ ಜೋಸೆಫ್ ಡೇಮರ್, ಅಂದರೆ ಲಾರ್ಡ್ ಮಿಲ್ಟನ್, ಮಠದ ಪಕ್ಕದಲ್ಲೇ ದೊಡ್ಡಮನೆ ಕಟ್ಟಿಸಲು ಹೊರಟ. ಕಿಟಕಿ ತೆರೆದರೆ ಪೇಟೆಯ ಗದ್ದಲ ಕಾಣುವುದು ಅವನಿಗೆ ಬೇಡವಾಗಿತ್ತು. ಗೇಣಿಯ ಅವಧಿ ಮುಗಿದ ಹಾಗೆಲ್ಲ ಒಂದೊಂದೇ ಮನೆಯನ್ನು ಕೈವಶ ಮಾಡಿಕೊಂಡು ಕೆಡವಿಸುತ್ತ ಹೋದ. ವಿಲಿಯಂ ಹ್ಯಾರಿಸನ್ ಎಂಬ ವಕೀಲನೊಬ್ಬ ಜಗ್ಗಲಿಲ್ಲ; ಅವನ ಮನೆಗೆ ನೀರು ನುಗ್ಗುವಂತೆ ಲಾರ್ಡ್ ಕೆರೆಯ ತೂಬು ತೆಗೆಸಿದ, ವಕೀಲ ದಾವೆ ಹೂಡಿ ಗೆದ್ದ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಶಾಲೆಯನ್ನು 1785ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಮಾಡಿಸಿಯೇ ಬ್ಲ್ಯಾಂಡ್‌ಫರ್ಡ್ ಪೇಟೆಗೆ ಸಾಗಹಾಕಲಾಯಿತು. 1674ರಲ್ಲಿ ಕಟ್ಟಿದ್ದ ಬಡವರ ಛತ್ರವನ್ನು ಬಿಚ್ಚಿ, 1779ರಲ್ಲಿ ಹೊಸ ಬೀದಿಯಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಇಡೀ ಬೀದಿಯಲ್ಲಿ ವಯಸ್ಸಾದ ಕಟ್ಟಡ ಅದೊಂದೇ. ಉಳಿದದ್ದೆಲ್ಲ 1780ರ ಆಸುಪಾಸಿನದು.

ನಕ್ಷೆ ಹಾಕಿದವರು ಯಾರು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ದೊಡ್ಡಮನೆಯ ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್, ಉದ್ಯಾನ ರೂಪಿಸಿದ ಲಾನ್ಸೆಲಾಟ್ ಬ್ರೌನ್ ಇಬ್ಬರ ಹೆಸರೂ 1770ರ ದಶಕದಿಂದ ಈ ಹಳ್ಳಿಗೆ ಅಂಟಿಕೊಂಡಿವೆ. ನನಗೆ ಬ್ರೌನನ ಕೈ ಹೆಚ್ಚು ಕಾಣುತ್ತದೆ. ಬೀದಿ ಕಣಿವೆಯ ಬಾಗಿಗೆ ತಕ್ಕಂತೆ ಬಾಗಿದೆ, ಮನೆಗಳ ನಡುವೆ ಅಳತೆಗೆ ಸರಿಯಾಗಿ ಬಿಡುವು, ಬಿಡುವಿನಲ್ಲಿ ಒಂದೊಂದು ಹಾರ್ಸ್ ಚೆಸ್ಟ್‌ನಟ್ ಮರ. ಇದು ಮನೆ ಕಟ್ಟುವವನ ಲೆಕ್ಕಕ್ಕಿಂತ ಗಿಡ ನೆಡುವವನ ಲೆಕ್ಕ. ಆ ಮರಗಳು ಬೆಳೆದು ಸೂರಿನ ಮೇಲೆ ಚಾಚಿಕೊಂಡು, ಮನೆಗಳಿಗೆ ಕತ್ತಲೆ ತೇವ ಕವಿಸಿ, ಇಪ್ಪತ್ತನೆಯ ಶತಮಾನದಲ್ಲಿ ಉರುಳಿಸಬೇಕಾಗಿ ಬಂತು. ಮಣ್ಣಿನ ಗೋಡೆಗೆ ತೇವ ಎಂದರೇನು ಎಂದು ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನವರು ಕಾಬ್ ಎನ್ನುವ ಈ ಗೋಡೆ ಜೇಡಿ, ಹುಲ್ಲು, ನೀರು ಕಲಸಿ ತುಳಿದು ವರಸೆ ವರಸೆಯಾಗಿ ಏರಿಸಿದ್ದು. ತಲೆಯ ಮೇಲೆ ಒಳ್ಳೆಯ ಟೋಪಿ, ಕಾಲಿಗೆ ಕಲ್ಲಿನ ಬೂಟು ಇದ್ದರೆ ಅದು ಶತಮಾನಗಟ್ಟಲೆ ನಿಲ್ಲುತ್ತದೆ. ಬಿಸಿಲು ಗಾಳಿ ತಪ್ಪಿಸಿದರೆ ಕುಸಿಯುತ್ತದೆ.

ಜೋಡಿಮನೆ ಎಂಬುದು ಮಿಲ್ಟನ್ ಅಬ್ಬಾಸಿನ ಕಪಟ ಮಾತ್ರ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಬಾತ್ ನಗರದ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1781ರಲ್ಲಿ ಕೂಲಿಕಾರರ ಮನೆಗಳ ನಕ್ಷೆಗಳ ಒಂದು ಪುಸ್ತಕ ತಂದ. ಬಾತ್‌ನ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಶ್ರೀಮಂತರ ಮನೆಸಾಲನ್ನು ಕಟ್ಟಿದವನೇ ಇವನು. ಅವನೂ ಕಾಟೇಜುಗಳನ್ನು ಜೋಡಿಯಾಗಿಯೇ ಕಟ್ಟಬೇಕೆನ್ನುತ್ತಾನೆ. ಆದರೆ ಅವನ ಕಾರಣ ಬೇರೆ. ಕಾಯಿಲೆ ಕಸಾಲೆ ಬಂದಾಗ ಪಕ್ಕದ ಮನೆಯವರು ಕೂಗಳತೆಯಲ್ಲಿರಬೇಕು. ಅವನ ಉಳಿದ ನಿಯಮಗಳಲ್ಲೂ ಒಳಗೆ ಬದುಕುವವನ ಮೈ ಎದ್ದು ಕಾಣುತ್ತದೆ: ನೆಲ ಸುತ್ತಲಿನ ಭೂಮಿಗಿಂತ ಎತ್ತರದಲ್ಲಿರಬೇಕು, ಬಾಗಿಲಿಗೆ ಗಾಳಿತಡೆ ಬೇಕು, ಬೆಳಕು ಪೂರ್ವದಿಂದಲೋ ದಕ್ಷಿಣದಿಂದಲೋ ಬರಬೇಕು, ಒಳಗಿನ ಅಗಲ 12 ಅಡಿ ಮೀರಬಾರದು, ಮನೆಯ ಜೊತೆ ಒಂದಿಷ್ಟು ಕೈತೋಟದ ಜಾಗ ಇರಲೇಬೇಕು. ಈ 12 ಅಡಿಯ ಮಾತು ಮೇಲುನೋಟಕ್ಕೆ ಜಿಪುಣತನ. ನಿಜಕ್ಕೂ ಅದು ತೊಲೆಯ ಲೆಕ್ಕ. ಅಗಲ ಹೆಚ್ಚಿದರೆ ಸೂರಿಗೆ ದೊಡ್ಡ ಮರ ಬೇಕು, ಖರ್ಚು ಏರಿದರೆ ಜಮೀನ್ದಾರ ಕಟ್ಟಿಸುವುದಿಲ್ಲ. ಬಡವರ ಗುಡಿಸಲುಗಳ ಒಳಹೊಕ್ಕು ನೋಡಿ, ಅಲ್ಲಿ ಬಾಳುವವನ ಜಾಗದಲ್ಲಿ ನಿಂತು ಯೋಚಿಸದೆ ಒಳ್ಳೆಯ ನಕ್ಷೆ ಹಾಕಲಾಗದು ಎಂಬ ಅವನ ನಿಲುವು ಆ ಕಾಲದ ವಾಸ್ತುಶಿಲ್ಪಿಗಳಲ್ಲಿ ಅಪರೂಪದ್ದು.

ಅವನ ಪುಸ್ತಕಕ್ಕೆ ಆರು ವರ್ಷ ಮೊದಲು, 1775ರಲ್ಲಿ, ಎರಡು ಸಂಗತಿಗಳು ಒಟ್ಟಿಗೆ ನಡೆದವು. ನೆಥೇನಿಯಲ್ ಕೆಂಟ್ ಎಂಬ ಜಮೀನು ನಿರ್ವಾಹಕ, ಕುದುರೆಗೂ ನಾಯಿಗೂ ಚೆಂದದ ಲಾಯ ಕಟ್ಟಿಸುವ ಒಡೆಯರು ಆಳಿನ ಮನೆ ನೋಡಲಿ ಎಂಬ ಧಾಟಿಯಲ್ಲಿ ಜಮೀನ್ದಾರರಿಗೆ ಬುದ್ಧಿ ಹೇಳುವ ಪುಸ್ತಕ ಬರೆದ. ನಕ್ಷೆ, ಖರ್ಚು ಎರಡನ್ನೂ ಕೊಟ್ಟ. ಅದೇ ವರ್ಷ ಪಾರ್ಲಿಮೆಂಟು 1589ರ ಹಳೆಯ ಕಾನೂನೊಂದನ್ನು ರದ್ದುಮಾಡಿತು. ಆ ಕಾನೂನಿನ ಪ್ರಕಾರ ಹಳ್ಳಿಯಲ್ಲಿ ಹೊಸ ಕಾಟೇಜು ಕಟ್ಟಬೇಕಾದರೆ ಅದಕ್ಕೆ 4 ಎಕರೆ ಜಮೀನು ಸೇರಿಸಿಕೊಡಬೇಕಿತ್ತು. ಕಾನೂನು ಬಲುಮಟ್ಟಿಗೆ ಪಾಲನೆಯಾಗುತ್ತಿರಲಿಲ್ಲ ಎನ್ನುವುದು ಸರಿಯೇ. ಆದರೂ ಅದರ ಹಿಂದೆ ಮನೆ ಎಂದರೆ ಉಣ್ಣುವಷ್ಟು ನೆಲವೂ ಕೂಡಿದ್ದು ಎಂಬ ಭಾವನೆಯಿತ್ತು. 1775ರ ನಂತರದ ಕಾಟೇಜು ಬರಿಯ ಸೂರು. ವುಡ್ ಕೈತೋಟಕ್ಕಾಗಿ ಅಷ್ಟು ಒತ್ತಿ ಹೇಳಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಬಡವರ ಮನೆ ಒಂದು ನೋಟವಾಗಿ ಬದಲಾದದ್ದನ್ನು ತೋರಿಸಲು ಬ್ರಿಸ್ಟಲ್ ನಗರದ ಅಂಚಿನ ಬ್ಲೇಸ್‌ಗಿಂತ ಒಳ್ಳೆಯ ಜಾಗ ಸಿಗದು. ಅಲ್ಲಿನ ಒಡೆಯ ಜಾನ್ ಸ್ಕ್ಯಾಂಡ್ರೆಟ್ ಹಾರ್ಫರ್ಡ್, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದ ಬ್ಯಾಂಕರ್. 1796ರಲ್ಲಿ ಅವನ ಉದ್ಯಾನಕ್ಕೆ ಯೋಜನೆ ಕೊಟ್ಟ ಹಂಫ್ರಿ ರೆಪ್ಟನ್, ಕಣಿವೆಯ ಆಚೆಯ ಕಾಡಿನಲ್ಲಿ ಕಾಡುಕಾಯುವವನಿಗೆ ಒಂದು ಕಾಟೇಜು ಇರಲಿ ಎಂದ. ಕಾವಲುಗಾರನಿಗೆ ಮನೆ ಬೇಕಾಗಿತ್ತೋ ಏನೋ, ರೆಪ್ಟನ್‌ಗೆ ಬೇಕಾಗಿದ್ದು ಹೊಗೆ. ದೊಡ್ಡಮನೆಯ ಕಿಟಕಿಯಿಂದ ನೋಡಿದರೆ ಹಸಿರು ಮರಗಳ ನಡುವಿನಿಂದ ತೆಳ್ಳಗೆ ನೀಲಿ ಹೊಗೆ ಏರಬೇಕು, ಕಾಡಿನಲ್ಲಿ ಯಾರೋ ಇದ್ದಾರೆ ಎಂಬ ಬೆಚ್ಚನೆಯ ಭಾವ ಮೂಡಬೇಕು. ಒಬ್ಬಳು ಹೆಂಗಸು ಬೆಳಗ್ಗೆ ಒಲೆ ಹಚ್ಚಿದರೆ ಅದು ಕಣಿವೆಯ ಈಚೆಗೆ ಅಲಂಕಾರ. ಈ ಇಡೀ ವಾಸ್ತುಪರಂಪರೆಯಲ್ಲಿ ನನ್ನನ್ನು ಬಿಡದೆ ಕಾಡುವ ವಿವರ ಇದು.

ಅದೇ ಹಾರ್ಫರ್ಡ್ 1810–11ರಲ್ಲಿ ತನ್ನ ವೃದ್ಧ ಆಳುಕಾಳುಗಳಿಗಾಗಿ ಬ್ಲೇಸ್ ಹ್ಯಾಮ್ಲೆಟ್ ಎಂಬ ಪುಟ್ಟ ಕೇರಿಯನ್ನು ಕಟ್ಟಿಸಿದ. ನಕ್ಷೆ ಜಾನ್ ನ್ಯಾಶನದು. ಜೊತೆಗೆ ಕೆಲಸ ಮಾಡಿದವನು ರೆಪ್ಟನ್‌ನ ಮಗ ಜಾರ್ಜ್. ಹುಲ್ಲುಬಯಲೊಂದರ ಸುತ್ತ ಒಂಬತ್ತು ಕಾಟೇಜು. ಒಂದು ಜೋಡಿಮನೆಯಾದ್ದರಿಂದ ಒಕ್ಕಲು ಹತ್ತು. ಮಿಲ್ಟನ್ ಅಬ್ಬಾಸಿನ ಅಚ್ಚು ಇಲ್ಲಿ ತಲೆಕೆಳಗು. ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ ಹುಲ್ಲು, ಕೆಲವಕ್ಕೆ ಕಲ್ಲುಹಂಚು. ಒಂದರ ಸೂರು ನೆಲದತ್ತ ಜಗ್ಗಿದೆ, ಇನ್ನೊಂದರಲ್ಲಿ ಅದನ್ನು ಸೀಳಿಕೊಂಡು ಕಿಟಕಿ ಇಣುಕಿದೆ. ಪಾಯಿಖಾನೆ, ಬಟ್ಟೆ ಒಗೆಯುವ ಕೋಣೆಗಳನ್ನು ಹಿಂದೆ ಬಚ್ಚಿಡದೆ ಬದಿಗೆ ಇಳಿಸೂರು ಮಾಡಿ ಸೇರಿಸಲಾಗಿದೆ. ಬೇಕಾದಾಗೆಲ್ಲ ಒಂದೊಂದು ಕೋಣೆ ಕೂಡಿಸಿಕೊಂಡು ಬೆಳೆದ ಹಳೆಯ ಮನೆಯ ಮಾಟ ಅದರಿಂದಲೇ ಬಂದದ್ದು. ಕಲ್ಲಿನ ಗೋಡೆಯ ಮೇಲೆ ಇಟ್ಟಿಗೆಯ ಚಿಮಣಿಗಳು ಮನೆಯ ಅಳತೆಗೆ ಹೊಂದದಷ್ಟು ಎತ್ತರ, ಕೆತ್ತನೆಯಂಥ ಕೆಲಸ. ಕಾಟೇಜುಗಳಿಗೆ ಸಂಖ್ಯೆಯಿಲ್ಲ, ಹೆಸರುಗಳಿವೆ: ರೋಸ್, ಓಕ್, ವೈನ್, ಜಾಸ್ಮಿನ್, ಸ್ವೀಟ್ ಬ್ರೈಯರ್. ನಡುವೆ ಎಲ್ಲರಿಗೂ ಸೇರಿದ ನೀರಿನ ಪಂಪು, ಅದರ ನೆತ್ತಿಯ ಮೇಲೆ ನೆರಳುಗಡಿಯಾರ.

ಇನ್ನು ಬಾಗಿಲು. ಎಲ್ಲ ಮನೆಗಳೂ ಒಂದೇ ಬಯಲಿನ ಸುತ್ತ ಇವೆ, ಆದರೂ ಒಂದರ ಬಾಗಿಲು ಇನ್ನೊಂದರ ಬಾಗಿಲಿಗೆ ನೇರ ಎದುರಾಗದಂತೆ ಮನೆಗಳನ್ನು ಓರೆ ಓರೆಯಾಗಿ ನಿಲ್ಲಿಸಲಾಗಿದೆ. ಮುದುಕರು ಹೊಸ್ತಿಲಲ್ಲಿ ಕೂತು ಹರಟೆ ಹೊಡೆಯದಿರಲಿ ಎಂದು ಹೀಗೆ ಮಾಡಿದರು ಎಂಬ ಕಥೆಯಿದೆ. ಕುತೂಹಲದ ಮಾತೆಂದರೆ, ಇದೇ ಕಥೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಡ್‌ಫರ್ಡ್‌ಷೈರ್‌ನಲ್ಲೂ ಕೇಳಿಬರುತ್ತದೆ. ಅಲ್ಲಿ ಬೆಡ್‌ಫರ್ಡ್ ಡ್ಯೂಕನ ವೋಬರ್ನ್ ಎಸ್ಟೇಟಿನ ಕೆಲವು ಸಾಲುಗಳಲ್ಲಿ ರಸ್ತೆಯ ಕಡೆಗೆ ಬಾಗಿಲೇ ಇಲ್ಲ, ಬದಿಯಿಂದಲೋ ಹಿಂದಿನಿಂದಲೋ ಒಳಹೋಗಬೇಕು. ಡ್ಯೂಕನ ಗಾಡಿ ಹಾದುಹೋಗುವಾಗ ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡುವುದು ಅವನಿಗೆ ಹಿಡಿಸುತ್ತಿರಲಿಲ್ಲವಂತೆ.

ಇಂಥ ಕಥೆಯನ್ನು ಸಂಶೋಧಕ ಏನು ಮಾಡಬೇಕು? ಬ್ಲೇಸ್‌ನಲ್ಲಿ ನ್ಯಾಶನಿಗೆ ಬೇಕಾಗಿದ್ದದ್ದು ಬಯಲಿನ ಯಾವ ಮೂಲೆಯಿಂದ ನೋಡಿದರೂ ಬೇರೆಯೇ ಚಿತ್ರ. ಎದುರುಬದುರು ನಿಲ್ಲಿಸಿದರೆ ಬೀದಿಯಾಗಿಬಿಡುತ್ತದೆ, ಚಿತ್ರ ಕೆಡುತ್ತದೆ. ಬೆಡ್‌ಫರ್ಡ್‌ನ ಕಾರಣ ಇನ್ನೂ ಸಪ್ಪೆ. ಜೋಡಿಮನೆಗಳ ಒಲೆಗಳನ್ನು ನಡುಗೋಡೆಗೆ ಬೆನ್ನು ಕೊಟ್ಟು ಕಟ್ಟಿದರೆ ಒಂದೇ ಚಿಮಣಿ ಸಾಕು, ಗೋಡೆಯ ಬಿಸಿ ಇಬ್ಬರಿಗೂ. ಆಗ ಬಾಗಿಲು ತಾನಾಗಿಯೇ ಹೊರಬದಿಗೆ ಸರಿಯುತ್ತದೆ. ಮುಂದಿನ ಕೋಣೆಯ ನಡುವೆ ಓಡಾಟವೂ ಇಲ್ಲ, ಬೀಸುಗಾಳಿಯೂ ಇಲ್ಲ. ಹಾಗಾಗಿ ಹರಟೆಯ ಕಥೆಯನ್ನು ಕಟ್ಟಿಸಿದವನ ಉದ್ದೇಶಕ್ಕೆ ಸಾಕ್ಷಿಯಾಗಿ ನಾನು ಎಣಿಸುವುದಿಲ್ಲ. ಆದರೆ ಎರಡು ಬೇರೆ ಬೇರೆ ಊರಿನ ಒಕ್ಕಲುಗಳು ತಮ್ಮ ಬಾಗಿಲಿನ ದಿಕ್ಕಿಗೆ ಒಂದೇ ಕಾರಣ ಕಲ್ಪಿಸಿಕೊಂಡರು ಎಂಬುದು ಸಣ್ಣ ಸಾಕ್ಷಿಯಲ್ಲ. ತಮ್ಮ ಮನೆಯನ್ನು ಯಾರೋ ಸದಾ ನೋಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು.

ಬೆಡ್‌ಫರ್ಡ್ ಕಾಟೇಜುಗಳಿಗೆ ನ್ಯಾಯ ಸಲ್ಲಬೇಕು. ಏಳನೆಯ ಡ್ಯೂಕ್ ಫ್ರಾನ್ಸಿಸ್ ತನ್ನ ಕಾಟೇಜುಗಳ ನಕ್ಷೆಗಳನ್ನು 1849ರಲ್ಲಿ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಹುಲ್ಲಿಲ್ಲ, ಸೊಟ್ಟ ಚಿಮಣಿಯಿಲ್ಲ, ಹೂವಿನ ಹೆಸರಿಲ್ಲ. ನೆಟ್ಟಗಿನ ಇಟ್ಟಿಗೆ ಗೋಡೆ, ಮುಖ್ಯ ಕೋಣೆಯ ಜೊತೆಗೆ ಪಾತ್ರೆ ಬಟ್ಟೆ ತೊಳೆಯುವ ಹಿಂಗೋಣೆ, ಮಹಡಿಯಲ್ಲಿ ಮಲಗುವ ಕೋಣೆಗಳು, ಹಿತ್ತಲಲ್ಲಿ ಸೌದೆಮನೆ ಮತ್ತು ಪಾಯಿಖಾನೆ. ತಂದೆತಾಯಿಗೊಂದು, ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಎಂದು ಮಲಗುವ ಕೋಣೆ ಬೇರೆಯಾಗಬೇಕೆಂಬುದು ವಿಕ್ಟೋರಿಯಾ ಕಾಲದ ಸುಧಾರಕರ ಹಟವಾಗಿತ್ತು. ಕಾಲವೂ ಕೂಡಿಬಂತು. ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆಯ ಸುಂಕ 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ತೊಲಗಿದವು. ಈ ಮನೆಗಳ ನೆತ್ತಿಯ ಮೇಲೆ ಇಂದಿಗೂ ಒಂದು ಕಿರೀಟ, ಬಿ ಎಂಬ ಅಕ್ಷರ ಮತ್ತು ಕಟ್ಟಿದ ಇಸವಿ ಇರುವ ಫಲಕ ಕಾಣುತ್ತದೆ. ನೋಡಲು ಸಪ್ಪೆ, ಇರಲು ಸುಖ. ಬ್ಲೇಸ್‌ಗೆ ಪ್ರವಾಸಿಗರು ಹೋಗುತ್ತಾರೆ, ಇವುಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಅದೇ ಇವುಗಳ ಗುಣ ಎನ್ನಬೇಕು.

ಕಾಟೇಜಿನ ನಕ್ಷೆ ಬರೆಯುವುದು ಆಗ ಎಷ್ಟು ದೊಡ್ಡ ಗೀಳಾಗಿತ್ತೆಂದರೆ, ಜಾರ್ಜ್ ಎಲಿಯಟ್ 1871–72ರಲ್ಲಿ ಪ್ರಕಟಿಸಿದ ಮಿಡ್ಲ್‌ಮಾರ್ಚ್ ಕಾದಂಬರಿಯ ನಾಯಕಿ ಡೊರೊತಿಯಾ ಮೊದಲ ಪುಟಗಳಲ್ಲೇ ಈ ನಕ್ಷೆಗಳಲ್ಲಿ ಮುಳುಗಿರುತ್ತಾಳೆ. ಅವಳ ಕೈಯಲ್ಲಿರುವುದು ಜಾನ್ ಕ್ಲಾಡಿಯಸ್ ಲೌಡನ್‌ನ 1833ರ ಬೃಹತ್ ವಿಶ್ವಕೋಶ. ಕಥೆ ನಡೆಯುವುದೂ ಆ ಪುಸ್ತಕ ಬಂದ ಕಾಲದ ಆಸುಪಾಸಿನಲ್ಲೇ.

ಆದರೆ ಒಳ್ಳೆಯ ಕಾಟೇಜು ಎಷ್ಟು ಜನಕ್ಕೆ ಸಿಕ್ಕಿತು ಎಂಬ ಪ್ರಶ್ನೆ ನಕ್ಷೆಯ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಬಡವರ ಕಾನೂನನ್ನು ನೋಡಬೇಕು. 1865ರವರೆಗೆ ನಿರ್ಗತಿಕರ ಖರ್ಚನ್ನು ಅವರವರ ಪ್ಯಾರಿಷ್, ಅಂದರೆ ಆ ಚರ್ಚಿನ ವ್ಯಾಪ್ತಿಯ ಊರೇ ಹೊರಬೇಕಿತ್ತು. ಇಡೀ ಪ್ಯಾರಿಷ್ ಒಬ್ಬನೇ ಜಮೀನ್ದಾರನದಾದರೆ ಅವನಿಗೆ ಲಾಭದ ದಾರಿ ಸರಳ: ಕಾಟೇಜು ಕಟ್ಟಿಸಬೇಡ, ಇದ್ದದ್ದನ್ನೂ ಕೆಡವು. ಆಳುಗಳು ಪಕ್ಕದ ಊರಿನ ಕೊಳಕು ಬಾಡಿಗೆ ಮನೆಗಳಲ್ಲಿದ್ದು ಮೈಲಿಗಟ್ಟಲೆ ನಡೆದು ಬಂದು ದುಡಿಯಲಿ. ಸರ್ಕಾರದ ಪರವಾಗಿ ಡಾ. ಹೆನ್ರಿ ಜೂಲಿಯನ್ ಹಂಟರ್ 1864ರಲ್ಲಿ ಹಳ್ಳಿಗಳ ಮನೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ವರದಿ ಈ ಲೆಕ್ಕಾಚಾರವನ್ನು ಬಯಲಿಗಿಟ್ಟಿತು. ಕೆಲವೇ ಅಂದದ ಕಾಟೇಜುಗಳಿರುವ, ತೋಟಗಾರ ಮತ್ತು ಕಾವಲುಗಾರರಷ್ಟೇ ಬಾಳುವ ತೋರಿಕೆಯ ಹಳ್ಳಿಗಳ ಮಾತು ಅದರಲ್ಲಿದೆ. ಕಾರ್ಲ್ ಮಾರ್ಕ್ಸ್ 1867ರ ಬಂಡವಾಳ ಗ್ರಂಥದಲ್ಲಿ ಆ ವರದಿಯಿಂದ ಪುಟಗಟ್ಟಲೆ ಎತ್ತಿಕೊಂಡಿದ್ದಾನೆ. 1865ರ ಕಾಯ್ದೆ ಖರ್ಚನ್ನು ಹಲವು ಪ್ಯಾರಿಷ್‌ಗಳ ಒಕ್ಕೂಟಕ್ಕೆ ಹಂಚಿತು, ಕೆಡವುವುದರ ಲಾಭ ತಪ್ಪಿತು. ಹೀಗಾಗಿ ಎಸ್ಟೇಟ್ ಹಳ್ಳಿಯ ಅಂದವನ್ನು ಅಳೆಯುವಾಗ ಅದರ ಪಕ್ಕದ ಊರನ್ನೂ ಕೂಡಿಸಿಕೊಂಡು ಅಳೆಯಬೇಕು.

ಹಣದ ಮೂಲವನ್ನೂ ಕೂಡಿಸಿಕೊಳ್ಳಬೇಕು. ಯಾರ್ಕ್‌ಷೈರ್‌ನ ಹೇರ್‌ವುಡ್‌ನಲ್ಲಿ ಜಾನ್ ಕಾರ್ ರೂಪಿಸಿದ ಗಂಭೀರವಾದ ಕಲ್ಲಿನ ಮನೆಸಾಲುಗಳು ದೊಡ್ಡಮನೆಯ ಹೆಬ್ಬಾಗಿಲ ಮುಂದೆ ಅಂಗರಕ್ಷಕರ ಹಾಗೆ ನಿಂತಿವೆ. ಅದರ ಒಡೆಯರಾದ ಲ್ಯಾಸೆಲ್ಸ್ ಮನೆತನದ ಐಶ್ವರ್ಯ ಬಂದದ್ದು ವೆಸ್ಟ್ ಇಂಡೀಸ್‌ನ ಸಕ್ಕರೆ ಮತ್ತು ಗುಲಾಮಗಿರಿಯಿಂದ.

ಕಡೆಗೆ, ಜಾಗ ಬಿಟ್ಟು ಕದಲದ ಎರಡು ಮನೆಗಳ ಮಾತು. ಆಕ್ಸ್‌ಫರ್ಡ್‌ಷೈರ್‌ನ ನ್ಯೂನ್‌ಹ್ಯಾಮ್ ಕೋರ್ಟ್ನಿಯ ಹಳೆಯ ಹಳ್ಳಿಯನ್ನು ಅರ್ಲ್ ಹಾರ್ಕೋರ್ಟ್ 1760ರ ದಶಕದಲ್ಲಿ ಎತ್ತಿಸಿ, ಮೈಲಿಗೂ ಆಚೆ ಹೆದ್ದಾರಿಯ ಇಕ್ಕೆಲದಲ್ಲಿ ಇಟ್ಟಿಗೆಯ ಜೋಡಿಮನೆಗಳ ಎರಡು ಸಾಲು ಕಟ್ಟಿಸಿದ. ಹಳೆಯ ಚರ್ಚಿನ ಜಾಗದಲ್ಲಿ 1764ರಲ್ಲಿ ಗುಮ್ಮಟದ ದೇಗುಲದಂಥ ಹೊಸ ಚರ್ಚು ಎದ್ದಿತು, ನೋಟಕ್ಕೆ ಒದಗುವಂತೆ. ಊರಿನವರು ಪ್ರಾರ್ಥನೆಗೆ ಅಷ್ಟು ದೂರ ನಡೆದು ಬರಬೇಕಾಯಿತು. ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ಪ್ರಕಟಿಸಿದ ಪಾಳುಬಿದ್ದ ಹಳ್ಳಿಯ ಕವಿತೆಗೆ ಈ ಊರೇ ಮೂಲ ಎಂದು ಗಟ್ಟಿಯಾಗಿ ವಾದಿಸಿದವರು ಮೇವಿಸ್ ಬೇಟಿ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗೂಢಲಿಪಿ ಒಡೆದ ಬುದ್ಧಿಯನ್ನೇ ಆಕೆ ಉದ್ಯಾನಗಳ ಚರಿತ್ರೆಗೂ ತಂದರು. ಊರೆಲ್ಲ ಹೋದ ಮೇಲೂ ಬ್ಯಾಬ್ ವ್ಯಾಟ್ ಎಂಬ ಮುದುಕಿಯೊಬ್ಬಳು ತನ್ನ ಗುಡಿಸಲಲ್ಲೇ ಉಳಿಯುತ್ತೇನೆಂದಳು, ಅರ್ಲ್ ಒಪ್ಪಿದ. ಅವಳು ನೆಟ್ಟದ್ದೆಂಬ ಮರಕ್ಕೂ ಅವಳ ಹೆಸರೇ ನಿಂತಿತು. ಆಸ್ಥಾನಕವಿ ವಿಲಿಯಂ ವೈಟ್‌ಹೆಡ್ ಈ ಔದಾರ್ಯದ ಬಗ್ಗೆ ಪದ್ಯವನ್ನೂ ಕಟ್ಟಿದ. ಅವಳ ಬಾಗಿಲಿನ ಎದುರು ನೆರೆಹೊರೆ ಇರಲಿಲ್ಲ, ಉದ್ಯಾನವಿತ್ತು.

ಡರ್ಬಿಷೈರ್‌ನ ಎಡೆನ್ಸರ್‌ನಲ್ಲೂ ಹೀಗೇ ಒಂದು ಉಳಿದುಕೊಂಡಿತು. ಚಾಟ್ಸ್‌ವರ್ತ್‌ನ ಒಡೆಯ, ಡೆವನ್‌ಷೈರ್‌ನ ಆರನೆಯ ಡ್ಯೂಕ್, 1838ರಿಂದ 1842ರೊಳಗೆ ಜೋಸೆಫ್ ಪ್ಯಾಕ್ಸ್‌ಟನ್ ಮತ್ತು ಜಾನ್ ರಾಬರ್ಟ್‌ಸನ್ ಅವರಿಂದ ಹಳ್ಳಿಯನ್ನು ಹೊಸದಾಗಿ ಕಟ್ಟಿಸಿದ: ಸ್ವಿಸ್ ಮಾದರಿ ಒಂದು, ಇಟಲಿಯ ಮಾದರಿ ಒಂದು, ಕೋಟೆಯ ತೆನೆಯಿರುವುದು ಇನ್ನೊಂದು, ನಕ್ಷೆಯ ಪುಸ್ತಕವನ್ನೇ ಬಿಚ್ಚಿ ಗುಡ್ಡದ ಮೇಲೆ ಹರಡಿದ ಹಾಗೆ. ಹಳೆಯ ಊರಿನ ಒಂದೇ ಒಂದು ಮನೆ ರಸ್ತೆಯ ಇನ್ನೊಂದು ಬದಿಗೆ ತನ್ನ ಕೈತೋಟದ ಸಮೇತ ಇಂದಿಗೂ ನಿಂತಿದೆ. ಅದಕ್ಕೆ ಯಾವ ಶೈಲಿಯೂ ಇಲ್ಲ. ಸುತ್ತ ಹುಲ್ಲುಗಾವಲು, ಅದರಲ್ಲಿ ಡ್ಯೂಕನ ಮನೆತನದ ಕುರಿಗಳು ಮೇಯುತ್ತವೆ.